ಒರಟು ಕೂದಲಿನ ಸೀಲ್

ಎಂಬತ್ತರ ದಶಕದಲ್ಲಿ ನಾವು ವಿಜಯನಗರ ಬಡಾವಣೆಯಲ್ಲಿದ್ದೆವು. ಅಪ್ಪನಿಗೆ ಬಳ್ಳಾರಿ ಕಡೆಯ ಗಣಿಯಲ್ಲಿ ಕೆಲಸ. ತಿಂಗಳಿಗೊಮ್ಮೆ ಶನಿವಾರ ಬಂದು ಭಾನುವಾರ ಸಂಜೆ ಹೊರಟುಬಿಡುತ್ತಿದ್ದರು. ಆ ಒಂದು ದಿನಕ್ಕಾಗಿ ನಾನು ಪ್ರಶ್ನೆಗಳನ್ನು ಕೂಡಿಟ್ಟುಕೊಂಡಿರುತ್ತಿದ್ದೆ.

ನನಗೆ ಒಂಬತ್ತು ವರ್ಷವಿದ್ದಾಗ, ಒಂದು ಭಾನುವಾರ, ಲೈಬ್ರರಿಯಿಂದ ತಂದಿದ್ದ ಇಂಗ್ಲಿಷ್ ಪುಸ್ತಕವನ್ನು ಅವರ ಮುಂದೆ ಹಿಡಿದೆ. ಚಿತ್ರದಲ್ಲಿ ಉತ್ತರಧ್ರುವದ ಮಂಜುಗಡ್ಡೆಯ ಮೇಲೆ ಸೀಲ್ ಎಂಬ ಪುಟ್ಟ ಕಡಲಪ್ರಾಣಿಯೊಂದು ಮಲಗಿತ್ತು.

"ಮೈಮೇಲೆ ಬಿಳಿ ಬಿಳಿ ಉಂಗುರ ಇದೆ ನೋಡು, ಅದಕ್ಕೇ ಉಂಗುರದ ಸೀಲ್ ಅಂತಾರೆ," ಎಂದರು ಅಪ್ಪ. "ವಿಜ್ಞಾನಿಗಳು ಲ್ಯಾಟಿನ್‌ನಲ್ಲಿ ಹಿಸ್ಪಿಡಾ ಅಂತ ಹೆಸರಿಟ್ಟಿದ್ದಾರೆ. ಒರಟು ಕೂದಲಿಂದು ಅಂತ ಅರ್ಥ."

"ಒರಟು ಅಂದ್ರೆ ಎಷ್ಟು ಒರಟು?"

ಅಪ್ಪ ನನ್ನ ಅಂಗೈ ಹಿಡಿದು, ಎರಡು ದಿನದಿಂದ ಶೇವ್ ಮಾಡದ ತಮ್ಮ ಕೆನ್ನೆಗೆ ಉಜ್ಜಿದರು. "ಇಷ್ಟು ಕಣೇ!"

ಅಂಗೈ ಚುರುಗುಟ್ಟಿತು. ನಾನು ನಗುತ್ತಾ ಇನ್ನೊಂದು ಕೈಯನ್ನೂ ಚಾಚಿದೆ.

ಸಂಜೆ ಅವರು ನುಣ್ಣಗೆ ಶೇವ್ ಮಾಡಿಕೊಂಡು, ಬ್ಯಾಗ್ ಹಿಡಿದು ಬಸ್ ಸ್ಟಾಪಿನ ಕಡೆ ನಡೆದರು. ತಿರುವಿನಲ್ಲಿ ಕಾಣದಾದ ಮೇಲೂ ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಅಮ್ಮ ಊಟಕ್ಕೆ ಎರಡು ಸಲ ಕರೆದರು. ಮುಂದಿನ ತಿಂಗಳು ಅಪ್ಪನಿಗೆ ರಜೆ ಸಿಗಲಿಲ್ಲ.