ಅಮ್ಮಿಯಾ ಕೊರೆದ ಕಡಗ

ರೋಮಿನ ಪವಿತ್ರ ಬೀದಿಯ ಅಕ್ಕಸಾಲಿಗರ ಮನೆಗಳಲ್ಲಿ ಸುತ್ತಿಗೆ ಕೆಳಗಿಟ್ಟ ಮಾತ್ರಕ್ಕೆ ದಿನದ ಕೆಲಸ ಮುಗಿಯುತ್ತಿರಲಿಲ್ಲ. ಆಮೇಲೆ ನಮ್ಮ ತಲೆ ಬಾಚಬೇಕಿತ್ತು. ಚಿನ್ನ ಕೊರೆಯುವಾಗ ಹಾರುವ ಪುಡಿ ಕೂದಲಲ್ಲಿ, ಉಗುರಿನ ಸಂದಿನಲ್ಲಿ ಕೂತಿರುತ್ತದೆ. ದಾಸಿಯ ತಲೆಯಲ್ಲಿ ಕೂತರೂ ಅದು ಧಣಿಯ ಚಿನ್ನ. ನಮ್ಮ ಒಡತಿ ವೊಲುಮ್ನಿಯಾ ನೀರು ತುಂಬಿದ ಹಿತ್ತಾಳೆ ಬೋಗುಣಿಯ ಮೇಲೆ ನಮ್ಮನ್ನು ಬಗ್ಗಿಸಿ ಕಬ್ಬಿಣದ ಬಾಚಣಿಗೆಯಿಂದ ಎಳೆಯುತ್ತಿದ್ದಳು.

ನನ್ನ ಸರದಿ ಬೇಗ ಮುಗಿಯುತ್ತಿತ್ತು. ಅಮ್ಮಿಯಾಳದು ಮುಗಿಯುತ್ತಿರಲಿಲ್ಲ. ಆ ವರ್ಷ ಬೋಗುಣಿಯ ನೀರು ಕೆಂಪಾಗದ ಸಂಜೆಯೇ ಇರಲಿಲ್ಲ. ಅವಳ ಹೊಟ್ಟೆಯಲ್ಲಿ ಧಣಿ ಸೆಪ್ಟುಮಿಯಸ್‌ನ ಕೂಸಿತ್ತು. ಒಡತಿಗೆ ಅದು ಗೊತ್ತಿತ್ತು. ಗಂಡನ ಮೈ ಮುಟ್ಟಿ ಕೇಳಲಾರದ್ದನ್ನು ಅವಳು ಅಮ್ಮಿಯಾಳ ತಲೆಯ ಚರ್ಮ ಕಿತ್ತು ಕೇಳುತ್ತಿದ್ದಳು.

"ಅಲ್ಲಾಡಬೇಡ ಕಣೇ. ಹಾಸಿಗೇಲಿ ಅಲ್ಲಾಡದೆ ಬಿದ್ದಿರೋದು ಗೊತ್ತಲ್ಲ ನಿಂಗೆ."

ಅಮ್ಮಿಯಾ ಫ್ರಿಜಿಯಾದ ಬೆಟ್ಟದವಳು. ಹಾಲುಹಲ್ಲು ಬೀಳುವ ಮೊದಲೇ ಎಫೆಸಸ್ ಸಂತೆಯಲ್ಲಿ ಮಾರಾಟವಾಗಿ ಬಂದಳು. ಮೊದಲು ಕುಲುಮೆಗೆ ಗಾಳಿ ಊದುವ ತಿದಿ ಒತ್ತಲು ಕೂರಿಸಿದರು. ಆಮೇಲೆ ಧಣಿಯ ಅಪ್ಪ ಅವಳ ಕೈಗೆ ಚಾಣ ಕೊಟ್ಟು ಜಾಲರಿ ಕೆಲಸ ಕಲಿಸಿದ. ಒಂದು ತೂತು ಓರೆಯಾದರೆ ಬೆರಳ ಗೆಣ್ಣಿಗೆ ಒಂದು ಏಟು. ಹಾಗೆ ಕಲಿತ ಕೈ ಅದು. ಬೆಳಿಗ್ಗೆ ನೀರು ಹೊತ್ತು, ಹಿಟ್ಟು ಬೀಸಿ, ಧಣಿಯ ಮೂತ್ರದ ಮಡಕೆ ಚೆಲ್ಲಿ ಬಂದು ಅದೇ ಕೈಯಲ್ಲಿ ಅವಳು ಚಿನ್ನದ ತಗಡಿಗೆ ಉಸಿರು ಬರಿಸುತ್ತಿದ್ದಳು. ಅಂಗಡಿಗೆ ಬಂದವರು ಸೆಪ್ಟುಮಿಯಸ್‌ನ ಕೈಚಳಕ ಹೊಗಳಿ ಹೋಗುತ್ತಿದ್ದರು.

ಆಗ ಅವಳ ಮುಂದಿದ್ದದ್ದು ಒಬ್ಬ ಸೆನೆಟರನ ಹೆಂಡತಿ ಹೇಳಿ ಮಾಡಿಸುತ್ತಿದ್ದ ಕಡಗ. ಚಿನ್ನವೂ ಅವರದೇ, ಕಲ್ಲೂ ಅವರದೇ. ತಗಡಿನ ತುಂಬ ಐವಿ ಬಳ್ಳಿ. ಎಲೆ ಎಲೆಯ ನಡುವಿನ ಚಿನ್ನವನ್ನು ಕೊರೆದು ತೆಗೆದು ಬರೀ ನರಗಳನ್ನು ಉಳಿಸಿದ್ದಳು. ಬಿಸಿಲಿಗೆ ಹಿಡಿದರೆ ಕಡಗದ ನೆರಳೇ ಗೋಡೆಯ ಮೇಲೆ ಬಳ್ಳಿಯಾಗಿ ಹಬ್ಬುತ್ತಿತ್ತು. ಪಚ್ಚೆಗಳನ್ನು ಗಣಿಯಿಂದ ಬಂದ ಆರುಮೂಲೆಯ ರೂಪದಲ್ಲೇ ಬಿಟ್ಟು, ನಡುವೆ ರಂಧ್ರ ಕೊರೆದು, ಮುತ್ತುಗಳ ಜೊತೆ ತಂತಿಗೆ ಪೋಣಿಸಿದ್ದಳು.

ಧಣಿ ಮಾತು ಕೊಟ್ಟಿದ್ದ: "ಕಡಗ ಮುಗಿದು ಕೀಲು ಕೂತ ದಿನ ನಿನ್ನ ಬಿಡುಗಡೆ."

ಅವಳು ಕಾದಿದ್ದು ತನಗಾಗಿ ಅಲ್ಲ. ಹೆರುವ ಹೊತ್ತಿಗೆ ತಾಯಿ ದಾಸಿಯಾಗಿದ್ದರೆ ಮಗು ಧಣಿಯ ಸೊತ್ತು, ಹುಟ್ಟಿಸಿದವನು ಧಣಿಯೇ ಆದರೂ. ತಾಯಿ ಅಷ್ಟರೊಳಗೆ ಬಿಡುಗಡೆಯಾಗಿದ್ದರೆ ಮಗು ಯಾರ ಸೊತ್ತೂ ಅಲ್ಲ. ನಮ್ಮಂಥವರ ಹೊಟ್ಟೆಯಲ್ಲಿ ನಡೆಯುವ ಓಟ ಅದು.

ಬೆನ್ನು ಸೆಟೆದು ಹೋಗುವಂತೆ ಕೂತು ಕೀಲು ಕೂರಿಸಿದಳು. ಧಣಿ ನೋಡುತ್ತೇನೆಂದು ಒಳಗೆ ಒಯ್ದ. ಮಾರನೆಯ ಬೆಳಿಗ್ಗೆ ತಂದು ಅವಳ ಮುಂದೆ ಎಸೆದ.

"ನೋಡು, ಎರಡು ಎಲೆ ಬಿಟ್ಕೊಂಡಿದೆ. ಇದಾ ನಿನ್ನ ಕೆಲ್ಸ? ಮತ್ತೆ ಶುರು ಮಾಡು."

ಅಮ್ಮಿಯಾ ತುಂಡಾದ ಜಾಗದ ಮೇಲೆ ಬೆರಳಾಡಿಸಿದಳು. ಚಾಣ ಒಂದು ಕಡೆಯಿಂದ ಕಡಿಯುತ್ತದೆ. ಇದನ್ನು ಎರಡು ಕಡೆಯಿಂದ ಚಿವುಟಲಾಗಿತ್ತು. ಕತ್ತರಿಸುವ ಇಕ್ಕಳ ಆ ಮನೆಯಲ್ಲಿ ಧಣಿಯ ಪೆಟ್ಟಿಗೆಯಲ್ಲಿ ಮಾತ್ರ ಇತ್ತು.

ಬಟಾಣಿ ಸುಲಿಯುತ್ತ ನನ್ನ ಪಕ್ಕ ಕೂತು ಅಂದಳು: "ಅವನೇ ಕತ್ತರಿಸಿದ್ದಾನೆ. ನಾನು ಹೆರೋ ತನಕ ಈ ಕಡಗ ಮುಗಿಯೋಲ್ಲ ಕಣೆ, ಮೆಲಿಟಿನೆ."

"ಕೇಳು ಅವನನ್ನ."

"ಕೇಳಿದ್ರೆ ಹೊಡೀತಾನೆ. ಹೊಡ್ಸಿಕೊಂಡ್ರೂ ಲಾಭ ಇರ್ಬೇಕು."

ಅಂದು ಬೀದಿಯ ಅಕ್ಕಸಾಲಿಗರ ಊಟ ನಮ್ಮ ಮನೆಯಲ್ಲಿತ್ತು. ವರ್ಷಕ್ಕೊಮ್ಮೆ ಅವರು ಕಾರ್ಖಾನೆಯೊಳಗೇ ಮಂಚ ಹಾಕಿ, ಉರಿಯುವ ಕುಲುಮೆಯ ಪಕ್ಕದಲ್ಲೇ ಉಣ್ಣುತ್ತಾರೆ. ಮೊದಲ ಗುಟುಕು ಬೆಂಕಿಯ ದೇವರು ವಲ್ಕನನಿಗೆ. ಹಂದಿ ಹುರಿದು, ಬೇಳೆ ಬೇಯಿಸಿ, ಮೀನಿನ ಸಾರ ಸುರಿದು, ಬೆವರಿ ಸೋತವರು ನಾವು. ಮಧ್ಯಾಹ್ನದ ಬಿಸಿಲು ಇಳಿಯುವಷ್ಟರಲ್ಲಿ ಐದು ಜನ ಬಂದು ಒರಗಿಕೊಂಡರು. ಅವರಲ್ಲಿ ಹಿರಿಯ ತ್ರೋಫಿಮಸ್. ಅವನೂ ಒಂದು ಕಾಲದಲ್ಲಿ ದಾಸನಾಗಿದ್ದವನು.

"ಏನಯ್ಯಾ ಸೆಪ್ಟುಮಿಯಸ್, ನಿನ್ನ ಅಂಗಡೀಲಿ ಹೊಟ್ಟೆಗೂ ಮೆರುಗು ಕೊಡ್ತೀಯಾ?" ಎಂದು ಒಬ್ಬ ಅಮ್ಮಿಯಾಳನ್ನು ತೋರಿಸಿ ನಕ್ಕ.

"ಕರಗ್ಸೋ ಮೂಸೆ ಒಂದು, ಎರಕದ ಅಚ್ಚು ಎರಡು," ಎಂದ ಧಣಿ. ಎಲ್ಲರೂ ನಕ್ಕರು.

ಅಮ್ಮಿಯಾ ದ್ರಾಕ್ಷಾರಸದ ಹೂಜಿ ಕೆಳಗಿಟ್ಟಳು. ಕೆಲಸದ ಮಣೆಯಿಂದ ಕಡಗವನ್ನು ಚಿಮುಟದಲ್ಲಿ ಎತ್ತಿ ಕುಲುಮೆಯ ಬಾಯಿಗೆ ಹಿಡಿದಳು. ಬಸಿರಿನ ಭಾರಕ್ಕೆ ಎಡಗೈಯನ್ನು ಚಿನ್ನ ಬಡಿಯುವ ಅಡಿಗಲ್ಲಿನ ಮೇಲೆ ಊರಿದ್ದಳು.

"ಐದು ಜನ ಇದ್ದಾರೆ ಧಣಿ. ನಂಗೆ ಬಿಡುಗಡೆ ಅಂತ ಇವ್ರ ಮುಂದೆ ಹೇಳಿ. ಅಷ್ಟು ಸಾಕು ಕಾನೂನಿಗೆ."

ಧಣಿ ಮಂಚದಿಂದ ಹಾರಿ ಬಂದ. "ಇಳಿಸೇ ಅದನ್ನ! ಶಿಲುಬೆಗೆ ಏರಿಸ್ತೀನಿ, ನಾಯಿಗೆ ಹಾಕಿಸ್ತೀನಿ!"

"ಏರಿಸಿ. ಆಮೇಲೆ ಸೆನೆಟರ್ ಹೆಂಡ್ತಿಗೆ ಕರಗಿದ ಮುದ್ದೆ ತೊಡಿಸಿ."

ಅವನು ಸುತ್ತಿಗೆ ಎತ್ತಿ ಅಡಿಗಲ್ಲಿನ ಮೇಲಿದ್ದ ಕೈಗೆ ಇಳಿಸಿದ. ಎಲುಬು ಮುರಿದ ಸದ್ದು ನನಗೆ ಹಲ್ಲಿನಲ್ಲಿ ಕೇಳಿಸಿತು. ಅಮ್ಮಿಯಾ ಕಿರುಚಿದಳು, ಬಲಗೈ ಮಾತ್ರ ಅಲ್ಲಾಡಲಿಲ್ಲ. ಇನ್ನೊಮ್ಮೆ ಹೊಡೆದ. ಬೆರಳುಗಳು ಚಪ್ಪಟೆಯಾಗಿ ರಕ್ತ ಕಲ್ಲಿನಿಂದ ಇಳಿಯಿತು. ಕೆಂಡದ ಝಳಕ್ಕೆ ಒಂದು ಮುತ್ತು ಚಟ್ಟೆಂದು ಸಿಡಿದು ಬೂದಿಯಾಯಿತು. ಒಂದು ಪಚ್ಚೆ ಬಿರುಕು ಬಿಟ್ಟಿತು.

"ಮುಂದಿನ ಏಟು ತಲೆಗೆ ಕೊಡಿ," ಎಂದಳು ಅವಳು. "ಬಿದ್ರೆ ಕಡಗದ ಜೊತೆಗೇ ಬೀಳ್ತೀನಿ."

ತ್ರೋಫಿಮಸ್ ಎದ್ದು ನಿಂತ. "ಹೇಳೋ ಮಾರಾಯ! ಇದು ಕರಗಿದ್ರೆ ನಿನ್ನ ಮನೆ ಅಷ್ಟೇ ಅಲ್ಲ, ಈ ಬೀದೀನೇ ಹೋಗುತ್ತೆ. ನಾಳೆ ನಮಗ್ಯಾರು ಚಿನ್ನ ಕೊಡ್ತಾರೆ? ಒಂದು ಮಾತು, ಹೇಳಿ ಸಾಯಿ!"

ಧಣಿಯ ತುಟಿಯಲ್ಲಿ ನೊರೆಯಿತ್ತು. "ಬಿಟ್ಟೆ," ಎಂದ.

"ಏನು ಬಿಟ್ರಿ? ಪೂರ್ತಿ ಹೇಳಿ."

"ಅಮ್ಮಿಯಾ ಇನ್ನು ಸ್ವತಂತ್ರಳು. ಸಾಕಾ ಮುಂಡೆ?"

"ಕೇಳಿಸ್ತಾ ನಿಮಗೆಲ್ಲ?" ಎಂದು ಅವಳು ಐವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಒಬ್ಬೊಬ್ಬರೂ ತಲೆಯಾಡಿಸಿದ ಮೇಲೆ ಕಡಗವನ್ನು ಮಣೆಯ ಮೇಲೆ ಇಟ್ಟಳು, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ.

ಅದೇ ಕ್ಷಣ ಧಣಿ ಅವಳ ಕಪಾಳಕ್ಕೆ ಬಾರಿಸಿ, ಬಿದ್ದವಳ ಸೊಂಟಕ್ಕೆ ಒದ್ದ. ಎರಡನೆಯ ಒದೆತಕ್ಕೆ ಕಾಲೆತ್ತಿದಾಗ ತ್ರೋಫಿಮಸ್ ಅವನ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿದ. "ಒಂದು ಗಳಿಗೆ ಮುಂಚೆ ಒದ್ದಿದ್ರೆ ನಿನ್ನ ಇಷ್ಟ. ಈಗ ಒದ್ರೆ ನ್ಯಾಯಾಲಯಕ್ಕೆ ನಾನೇ ಎಳೀತೀನಿ."

ಅಮ್ಮಿಯಾಳ ಬಟ್ಟೆ ಒದ್ದೆಯಾಗಿತ್ತು. ಮೊದಲು ರಕ್ತ ಎಂದುಕೊಂಡೆ. ಹೆರಿಗೆಯ ನೀರು ಒಡೆದಿತ್ತು.

ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದವಳು ನಾನೊಬ್ಬಳೇ. ಬೆನ್ನಿಗೆ ಹಿಟ್ಟಿನ ಚೀಲ ಕೊಟ್ಟೆ. ಜಜ್ಜಿದ ಕೈಗೆ ಪಾತ್ರೆ ಒರೆಸುವ ಬಟ್ಟೆ ಸುತ್ತಿದೆ. ನೋವು ಯಾವ ಕಡೆಯಿಂದ ಬರುತ್ತಿದೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಒಮ್ಮೆ ಜಜ್ಜಿದ ಆ ಕೈಯನ್ನೇ ಕಚ್ಚಿಕೊಳ್ಳಲು ಹೋಗಿ ಮೂರ್ಛೆ ಹೋದಳು. ಆಚೆ ಆ ಐವರು ಮತ್ತೆ ಒರಗಿಕೊಂಡಿದ್ದರು. ಹಂದಿಮಾಂಸ ಆರಿದೆ, ಬಿಸಿ ಮಾಡಿ ತಾ ಎಂದು ನನಗೇ ಕೂಗು ಬಂತು. ಎರಡು ನೋವಿನ ನಡುವೆ ಮಾಂಸ ಬಿಸಿ ಮಾಡಿ ಕೊಟ್ಟು ಬಂದೆ.

ಸೂರ್ಯ ಮುಳುಗುವ ಮೊದಲು ಹೆಣ್ಣು ಮಗು ಬಂತು. ನೀಲಿಗಟ್ಟಿತ್ತು. ಕಾಲು ಹಿಡಿದು ಬೆನ್ನಿಗೆ ತಟ್ಟಿದೆ, ಇನ್ನೂ ಜೋರಾಗಿ ತಟ್ಟಿದೆ. ಆ ಮನೆಯಲ್ಲಿ ಆ ಕೂಸಿಗೆ ಬಿದ್ದ ಏಟು ಅಷ್ಟೇ. ಅತ್ತಳು.

ಒಡತಿ ಬಾಗಿಲಲ್ಲಿ ನಿಂತಿದ್ದಳು. ಬಹಳ ಹೊತ್ತು ಮಗುವಿನ ಮುಖ ನೋಡಿದಳು; ಗಂಡನ ಗದ್ದ ಅದರಲ್ಲಿ ಕಂಡಿರಬೇಕು. "ಅತಿಥಿಗಳಿದ್ದಾರೆ. ಅದರ ಬಾಯಿ ಮುಚ್ಚಿಸು," ಎಂದಳು.

ಅಮ್ಮಿಯಾಳ ತುಟಿ ಬಿಳಚಿಕೊಂಡಿತ್ತು. ಆ ಕೈಯಲ್ಲಿ ಮತ್ತೆಂದೂ ತಗಡು ಹಿಡಿಯಲಾಗದೆ, ತ್ರೋಫಿಮಸ್‌ನ ಅಂಗಡಿಯಲ್ಲಿ ಕಾಲಿನಿಂದ ತಿದಿ ಒತ್ತುತ್ತ ಮಗಳನ್ನು ಬೆಳೆಸಬೇಕಾದ ವರ್ಷಗಳು ಇನ್ನೂ ಮುಂದಿದ್ದವು. ಆಗ ಅವಳು ಅಂದದ್ದು ಇಷ್ಟೇ:

"ಅಳಲಿ ಬಿಡಿ, ವೊಲುಮ್ನಿಯಾ. ಇವ್ಳು ನಿಮ್ಮ ಆಳಲ್ಲ."

ಒಡತಿ ನನ್ನ ಕಡೆ ತಿರುಗಿದಳು. "ನೀನು ಏನು ನೋಡ್ತಾ ನಿಂತಿದ್ದೀ? ಅಡಿಗಲ್ಲು ತೊಳಿ. ರಕ್ತ ಒಣಗಿದ್ರೆ ಹೋಗೋಲ್ಲ."

ನಾನು ನೀರಿನ ಕೊಡ ತೆಗೆದುಕೊಂಡು ಹೋದೆ.