ಹುಲ್ಲಿನ ಮೇಲೆ ಮೂವತ್ತೊಂದು ಡೆಸ್ಸಿಯರು

ನಮ್ಮೂರಿನ ಕಾಲೇಜು ಫುಟ್‌ಬಾಲ್ ತಂಡ ಶನಿವಾರ ಸೋತರೆ, ಭಾನುವಾರ ಬೆಳಗಾಗುವಷ್ಟರಲ್ಲಿ ಕೋಚ್ ಮನೆಯಂಗಳದ ಹುಲ್ಲಿನ ಮೇಲೆ ‘ಮನೆ ಮಾರಾಟಕ್ಕಿದೆ’ ಎಂಬ ಹಲಗೆಗಳು ಎದ್ದಿರುತ್ತಿದ್ದವು. ಗಂಟುಮೂಟೆ ಕಟ್ಟು ಎಂದು ಕೋಚ್‌ಗೆ ಹೇಳುವ ಅಲಬಾಮದ ರೀತಿ ಇದು. ಹಲಗೆಗಳೆಲ್ಲ ನನ್ನ ಗೆಳತಿ ಡೆಸ್ಸಿ ಹಾಲೊವೆಲ್‌ಳವು. ಊರಿನಲ್ಲಿ ಮನೆ ಮಾರಿಸಿಕೊಡುತ್ತಿದ್ದವಳು ಅವಳೊಬ್ಬಳೇ. ಬೇರೆ ಬೇರೆ ಮನೆಗಳ ಮುಂದೆ ಅವಳು ನೆಟ್ಟಿದ್ದನ್ನು ಯಾರೋ ಕಿತ್ತು ತಂದು ಇಲ್ಲಿ ನೆಡುತ್ತಿದ್ದರು. ಪ್ರತಿಯೊಂದರ ಮೇಲೂ ಅವಳ ನಗುಮುಖದ ಫೋಟೊ. ಸಣ್ಣ ಸೋಲಾದರೆ ಮೂವರು ಡೆಸ್ಸಿಯರು, ಮಾನ ಹೋಗುವಂಥ ಸೋಲಾದರೆ ಹದಿನಾಲ್ಕು.

ಚರ್ಚಿಗೆ ಹೋಗುವ ಮುಂಚೆ, ಟೋಪಿ ಗೌನು ತೊಟ್ಟುಕೊಂಡೇ ಅವಳು ಅವನ್ನೆಲ್ಲ ಕಿತ್ತು ಕಾರಿಗೆ ತುಂಬುತ್ತಿದ್ದಳು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿ ಅಭ್ಯಾಸವಿದ್ದ ನಾನು ಒಂದರ ಮೇಲೊಂದು ಜೋಡಿಸುತ್ತಿದ್ದೆ. ಅವಳು ಹೋಗಿ ಎಂಟು ತಿಂಗಳಾಯಿತು. ಭಾನುವಾರ ಬೆಳಿಗ್ಗೆ ಕೈಗೆ ಕೆಲಸವಿಲ್ಲದಿರುವುದು ನನಗಿನ್ನೂ ರೂಢಿಯಾಗಿಲ್ಲ.

ಆ ಮನೆಯನ್ನು ಇಪ್ಪತ್ತು ವರ್ಷದಲ್ಲಿ ನಾಲ್ಕು ಜನ ಕೋಚ್‌ಗಳಿಗೆ ಅವಳೇ ಮಾರಿಸಿದ್ದಳು. ಒಬ್ಬನನ್ನು ಕೆಲಸದಿಂದ ತೆಗೆದರೆ ಅದೇ ಮನೆ ಮತ್ತೆ ಮಾರಾಟಕ್ಕೆ, ಅದೇ ಡೆಸ್ಸಿಗೆ ಕಮಿಷನ್.

“ನಿಮಗೇನ್ರೀ ಮಿಸ್ ಡೆಸ್ಸಿ, ನಾವು ಸೋತ್ರೆ ನಿಮ್ಮನೇಲಿ ಹಬ್ಬ!” ಎಂದು ಬಣ್ಣದಂಗಡಿಯ ಎಲ್ರಾಯ್ ಚುಡಾಯಿಸುತ್ತಿದ್ದ.

“ಅದಿರ್ಲಿ ಎಲ್ರಾಯ್, ನನ್ನ ಹಲಗೆ ಮೇಲೆ ನಿನ್ನಂಗಡಿ ಬಣ್ಣದ ಹೆಬ್ಬೆಟ್ಟು ಹೆಂಗ್ ಬಿತ್ತು ಅಂತ ಹೇಳು” ಎನ್ನುತ್ತಿದ್ದಳು ಇವಳು.

ಕಳೆದ ನವೆಂಬರ್‌ನಲ್ಲಿ ನಾಲ್ಕನೆಯ ಕೋಚ್ ವೇಡ್ ಮ್ಯಾಟಿಂಗ್ಲಿಯ ಕುತ್ತಿಗೆಗೇ ಬಂತು. ಆ ವರ್ಷ ಗೆದ್ದದ್ದು ನಾಲ್ಕು ಪಂದ್ಯ, ಸೋತದ್ದು ಏಳು. ಉಳಿದದ್ದು ಒಂದೇ. ಅದರ ಹಿಂದಿನ ದಿನ ಶುಕ್ರವಾರ ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ ಹ್ಯಾರಿಸ್ ಪೂಲ್, ಡೆಸ್ಸಿಯ ಕಚೇರಿಗೆ ಬಂದ. ನಾನೂ ಅಲ್ಲಿದ್ದೆ.

“ಡೆಸ್ಸಿ, ಆ ಮನೆಗೆ ಈಗ ಏನು ಬೆಲೆ ಬರಬಹುದು?”

“ಮಾರ್ತೀನಿ ಅಂತ ವೇಡ್ ನಂಗೆ ಹೇಳೇ ಇಲ್ವಲ್ಲ.”

“ನಾಳೆ ಸೋತ್ರೆ ಹೇಳ್ತಾನೆ. ನಾಲ್ಕು ವರ್ಷದಲ್ಲಿ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಸೋಮವಾರ ಆಡಳಿತ ಮಂಡಳಿ ಸಭೆ. ಅವ್ರಿಗೆ ಏನಂತ ಹೇಳ್ಲಿ ನಾನು?”

ಡೆಸ್ಸಿ ಬೀರುವಿನಿಂದ ಒಂದು ಹಳೆಯ ಬೂಟಿನ ಪೆಟ್ಟಿಗೆ ತೆಗೆದಳು. ಮನೆ ಕೊಂಡವರನ್ನೆಲ್ಲ ಹೊಸಿಲಿನ ಮೇಲೆ ಬೀಗದಕೈ ಹಿಡಿಸಿ ನಿಲ್ಲಿಸಿ ಫೋಟೊ ತೆಗೆಯುವುದು ಅವಳ ಪದ್ಧತಿ.

“ಒಂದೇ ವರ್ಷ ಹತ್ತು ಪಂದ್ಯ ಗೆದ್ದ ಕೋಚ್ ರ‍್ಯಾಂಡಲ್ ನೆನಪಿದಾನಾ? ಮೆರವಣಿಗೆ ಮಾಡಿದ್ವಿ. ಅವನ ತಂಡದ ಹುಡುಗ್ರಲ್ಲಿ ಈ ಊರಿಗೆ ವಾಪಸ್ ಬಂದು ಸಂಸಾರ ಹೂಡಿದೋರು...” ಎಂದು ಖಾಲಿ ಮೇಜನ್ನು ಅಂಗೈಯಿಂದ ಒರೆಸಿದಳು. “ಒಬ್ಬನೂ ಇಲ್ಲ. ಅರ್ಧ ಜನ ಓದೇ ಮುಗಿಸ್ಲಿಲ್ಲ. ಈಗ ವೇಡ್ ಹುಡುಗ್ರನ್ನ ನೋಡು.” ಮೂರು ಫೋಟೊ ಇಟ್ಟಳು. “ಇವನು ಸ್ಕೂಲಲ್ಲಿ ಗಣಿತ ಹೇಳ್ಕೊಡ್ತಾನೆ. ಇವನು ಅಗ್ನಿಶಾಮಕದವನು. ಈ ಮೂರನೆಯವನು ವೃದ್ಧಾಶ್ರಮದಲ್ಲಿ ನರ್ಸು. ದಿನಾ ನಿಮ್ಮಮ್ಮನ್ನ ಎತ್ತಿ ಕಿಟಕಿ ಹತ್ರ ಕೂರಿಸೋನು ಇವನೇ. ಹೋಗಿ ಅಮ್ಮನ್ನೇ ಕೇಳು.”

“ಇದು ಸ್ಕೋರ್‌ಬೋರ್ಡಲ್ಲಿ ಬರಲ್ಲ ಡೆಸ್ಸಿ.”

“ಗೊತ್ತು ಕಣೋ. ಅದಕ್ಕೇ ಪೆಟ್ಟಿಗೇಲಿಟ್ಟಿರೋದು. ಶನಿವಾರ ಅವನನ್ನ ನಿನಗಿಂತ ಜೋರಾಗಿ ಬೈಯೋಳೂ ನಾನೇ!”

ಶನಿವಾರ ಎರಡು ಅಂಕದಲ್ಲಿ ಸೋತೆವು. ಮೂರು ಅಂಕ ತಂದು ಗೆಲ್ಲಿಸಬೇಕಿದ್ದ ಕೊನೆಯ ಒದೆತ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಡೆಸ್ಸಿ ಬೈದ ಬೈಗುಳಕ್ಕೆ ಮುಂದಿನ ಸಾಲಿನ ಪಾದ್ರಿ ತಿರುಗಿ ನೋಡಿದರು.

ಭಾನುವಾರ ಆ ಹುಲ್ಲಿನ ಮೇಲೆ ಮೂವತ್ತೊಂದು ಹಲಗೆ. ಆ ದಿನಗಳಲ್ಲಿ ಅವಳಿಗೆ ನಾಲ್ಕು ಹೆಜ್ಜೆಗೇ ಏದುಸಿರು. ಮೆಟ್ಟಿಲ ಮೇಲೆ ಕೂತಳು. ಕೋಚ್ ಹೆಂಡತಿ ಕೊರಿನ್ ಬಾಗಿಲು ತೆರೆದಳು. ಅತ್ತು ಕಣ್ಣು ಕೆಂಪಾಗಿತ್ತು.

“ಕಾಫಿ ತರ್ಲಾ ಮಿಸ್ ಡೆಸ್ಸಿ? ಇದೇ ಕೊನೇದೇನೋ.”

“ತಾರಮ್ಮ. ಕೊನೇದೋ ಅಲ್ವೋ ಕುಡಿದ್ಮೇಲೆ ನೋಡೋಣ.”

ಕಾಫಿ ಮುಗಿಸಿ, ಕಾರಿನಿಂದ ಒಂದು ಕಟ್ಟು ತರಲು ನನ್ನನ್ನು ಕಳಿಸಿದಳು. ಮನೆ ಮಾರಿದ ಮೇಲೆ ಹಲಗೆಗೆ ಅಡ್ಡಲಾಗಿ ಅಂಟಿಸುವ ಕೆಂಪು ಪಟ್ಟಿಗಳವು: ‘ಮಾರಾಟವಾಗಿದೆ’.

ಕೋಚ್ ಪೈಜಾಮದಲ್ಲೇ ಹೊರಗೆ ಬಂದ. “ಏನ್ ಮಾಡ್ತಿದೀರಾ?”

“ನಾಲ್ಕು ವರ್ಷದ ಹಿಂದೆ ಮುಗಿದ ವ್ಯಾಪಾರ. ಪಟ್ಟಿ ಅಂಟಿಸೋದು ಮರೆತಿದ್ದೆ. ಆ ತುದಿ ಹಿಡ್ಕೋ.”

ನಾಲ್ವರೂ ಸೇರಿ ಮೂವತ್ತೊಂದಕ್ಕೂ ಅಂಟಿಸಿದೆವು. ಒಂದನ್ನೂ ಕೀಳಲು ಬಿಡಲಿಲ್ಲ ಅವಳು. ಚರ್ಚಿಗೆ ಹೊರಟ ಕಾರುಗಳು ನಿಧಾನಿಸಿ, ಹಾರ್ನ್ ಹೊಡೆದು ಮುಂದೆ ಹೋದವು. ಎಲ್ರಾಯ್ ಅಂತೂ ಸ್ಟೇರಿಂಗ್ ಮೇಲೆ ಬಿದ್ದು ಬಿದ್ದು ನಕ್ಕ. ಪೂಲ್ ಕೂಡ ಕಾರು ನಿಲ್ಲಿಸಿದ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ ಹೊರಟುಹೋದ.

ಸೋಮವಾರ ಸಂಜೆ ಸುದ್ದಿ ಬಂತು. ಕೋಚ್‌ಗೆ ಇನ್ನೊಂದು ವರ್ಷ.

ಫೆಬ್ರವರಿಯಲ್ಲಿ ಡೆಸ್ಸಿಯ ಹೃದಯ ನಿಂತಿತು. ಆ ಮೂವರು ಹುಡುಗರೂ ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟರು. ಮಣ್ಣು ಮಾಡಿ ಬರುವಾಗ ಪೂಲ್‌ನನ್ನು ಕೇಳಿದೆ, ಹಲಗೆ ನೋಡಿ ಮನಸ್ಸು ಬದಲಾಯಿಸಿದೆಯಾ ಎಂದು.

“ಹಲಗೆ ನೋಡಿ ಅಲ್ಲ” ಎಂದ. “ಆ ಭಾನುವಾರ ಮಧ್ಯಾಹ್ನ ಅಮ್ಮನ ಹತ್ರ ಹೋಗಿದ್ದೆ.”

ಈ ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯವೇ ಸೋತೆವು. ಭಾನುವಾರ ಕಾಲು ತಾನಾಗಿಯೇ ಆ ಮನೆಗೆ ನಡೆಯಿತು. ಹುಲ್ಲಿನ ಮೇಲೆ ಒಂದೇ ಒಂದು ಹಲಗೆ. ಹಳೆಯ ಡೆಸ್ಸಿ, ಎದೆಯ ಮೇಲೆ ಕೆಂಪು ಪಟ್ಟಿ. ಕೀಳಲು ಹೋದೆ, ಬರಲಿಲ್ಲ.

“ಎಲ್ರಾಯ್ ಬಂದು ನೆಟ್ಟು ಹೋದ” ಎಂದಳು ಕೊರಿನ್, ಕಾಫಿ ಹಿಡಿದುಕೊಂಡು. “ಹಗಲಲ್ಲೇ, ನನ್ನನ್ನ ಕೇಳಿ. ಬುಡಕ್ಕೆ ಸಿಮೆಂಟ್ ಬೇರೆ ಸುರಿದಿದಾನೆ.”

ಇದುವರೆಗೆ ಐದು ಗೆದ್ದಿದ್ದೇವೆ, ಮೂರು ಸೋತಿದ್ದೇವೆ. ಹುಲ್ಲು ಕತ್ತರಿಸುವಾಗ ಕೋಚ್ ಡೆಸ್ಸಿಯ ಸುತ್ತ ಬಳಸಿಕೊಂಡು ಹೋಗುತ್ತಾನೆ.