ಒಂದೇ ವಿಳಾಸದವರು

ಸಾಮಾನು ಕೊಂಡರೆ ಸ್ವಲ್ಪ ದುಡ್ಡು ವಾಪಸ್ಸು ಬರುತ್ತದೆ, ಇನ್ನೊಬ್ಬರನ್ನು ಸೇರಿಸಿದರೆ ಅದಕ್ಕೂ ಬಹುಮಾನ ಸಿಗುತ್ತದೆ ಎನ್ನುವ ವೆಬ್‌ಸೈಟು ನಿಜವೋ ಮೋಸವೋ ಎಂದು ನನ್ನನ್ನು ಮೊದಲು ಕೇಳಿದವರು ಶೃಂಗೇರಿಯಲ್ಲಿ ಮೆಸ್ ನಡೆಸುತ್ತಿದ್ದ ಒಬ್ಬ ಹೆಂಗಸು. ಮೋಸ ಎಂದು ನಾನು ಹೇಳಿದೆ. ನನ್ನ ನೆನಪು ಹಾಗಿದೆ. ಅವರ ನೆನಪು ಬೇರೆ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಎಂ.ಎ. ಮುಗಿಸಿದ್ದರೂ ಯಾವ ಊರಿನಲ್ಲೂ ಪೂರ್ತಿ ಕೆಲಸ ಸಿಗದೆ, ವಾರದ ಮೊದಲರ್ಧ ನರಸಿಂಹರಾಜಪುರದಲ್ಲೂ ಉಳಿದರ್ಧ ಶೃಂಗೇರಿಯಲ್ಲೂ ತರ್ಕಶಾಸ್ತ್ರ ಕಲಿಸುತ್ತಿದ್ದೆ. ಗಣಿತಕ್ಕೆ ಹೆದರಿದ ಹುಡುಗರು ತರ್ಕಕ್ಕೆ ಬರುತ್ತಿದ್ದರು. ತರ್ಕಕ್ಕೂ ಅವರಿಗೂ ಇದ್ದ ಸಂಬಂಧ ಅಷ್ಟೇ. ಎರಡು ಊರುಗಳ ನಡುವೆ ಕೊಪ್ಪದಲ್ಲಿ ಬಸ್ಸು ಬದಲಿಸಬೇಕಿತ್ತು. ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಆದರೂ ಬಸ್ಸು ಕಾಯುವ ಹೊತ್ತಿನಲ್ಲಿ ನಿಲ್ದಾಣದ ಎದುರಿನ ಬಸ್ ಬುಕಿಂಗ್ ಅಂಗಡಿಯಲ್ಲಿ ಕೂರುತ್ತಿದ್ದೆ.

ಹೆಸರಿಗೆ ಅದು ಟಿಕೆಟ್ ಬುಕಿಂಗ್ ಅಂಗಡಿ. ನಿಜವಾಗಿ ಅದು ಮೂರು ತಾಲ್ಲೂಕಿನ ಜನ ಒಬ್ಬರಿಗೊಬ್ಬರು ಸಾಮಾನು ದಾಟಿಸುವ ಜಾಗ. ಪ್ರೈವೇಟ್ ಬಸ್ಸಿನ ಕಂಡಕ್ಟರುಗಳು ಕಟ್ಟುಗಳನ್ನು ಅಲ್ಲಿ ಇಳಿಸಿ ಹೋಗುತ್ತಿದ್ದರು. ಔಷಧಿ, ರಿಪೇರಿಯಾದ ಪಂಪು, ಹೊಲಿಸಿದ ರವಿಕೆ, ಮನೆಯ ಬೀಗದ ಕೈ, ಒಮ್ಮೊಮ್ಮೆ ಪಾಲಿಶಿಗೆ ಕೊಟ್ಟ ಸರ. 'ಮುತ್ತಿನಕೊಪ್ಪದವ್ರು ಬತ್ತಾರೆ, ಕೊಡಿ' ಅಂದರೆ ಸಾಕು. ಯಾರೂ ಏನೂ ಬರೆದುಕೊಳ್ಳುತ್ತಿರಲಿಲ್ಲ, ಯಾವುದೂ ಕಳೆಯುತ್ತಿರಲಿಲ್ಲ. ಅಂಗಡಿಯವರಿಗೆ ಇದ್ದ ಬಂಡವಾಳ ಆ ಮರದ ಕಪಾಟು ಮತ್ತು ಅವರ ಮಾತು.

ಇದು ನನಗೆ ಅಸಹ್ಯವಾಗುತ್ತಿತ್ತು. 'ಒಂದು ರಸೀದಿ ಪುಸ್ತಕ ಇಡಿ' ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ.

'ರಸೀದಿ ಕೊಟ್ರೆ ಇವ್ರಿಗೆ ಸಂಶಯ ಬತ್ತದೆ ಮಾರಾಯ್ರೆ' ಎನ್ನುತ್ತಿದ್ದರು ಅವರು. 'ನಿಮ್ಮ ತರ್ಕ ಕಾಲೇಜಲ್ಲಿ ಇಟ್ಕೊಳಿ.'

ಟಿಕೆಟ್ ಬುಕಿಂಗಿಗೆಂದು ತಂದ ಕಂಪ್ಯೂಟರಿನಲ್ಲಿ ಅವರಿಗೆ ಆ ವೆಬ್‌ಸೈಟು ಸಿಕ್ಕಿತು. ಮುಖಪುಟದಲ್ಲಿ ಹಲ್ಲು ಕಿರಿಯುತ್ತಿದ್ದ ಗಂಡ, ಹೆಂಡತಿ, ಎರಡು ಮಕ್ಕಳು, ಕೈತುಂಬ ಚೀಲ. ಸ್ನೇಹಿತರು ಹೆಚ್ಚಿದಷ್ಟೂ ಸಂಪಾದನೆ ಹೆಚ್ಚು ಎಂಬ ಅರ್ಥದ ಒಂದು ಸಾಲು. ಸ್ನೇಹಿತರನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವ ಅಂಗಡಿಗೆ ಯಾವ ಮರ್ಯಾದೆ ಕೊಡಬೇಕೋ ಅಷ್ಟನ್ನೇ ನಾನು ಕೊಟ್ಟೆ. ಅದರ ಮೂಲಕ ಸಾಮಾನು ಕೊಳ್ಳಬೇಕು, ಮೂರು ತಿಂಗಳು ಕಾಯಬೇಕು, ಆಮೇಲೆ ಚೆಕ್ಕು ಬರುತ್ತದೆ. ಅಂಗಡಿಯವರು ಮೊದಲು ಒಂದು ಟಾರ್ಚ್ ತರಿಸಿದರು. ಟಾರ್ಚ್ ಬಂತು, ಹೊತ್ತಿತು. ಅಷ್ಟು ಸಾಕಾಯಿತು. ಕಟ್ಟು ಕೊಂಡೊಯ್ಯಲು ಬಂದವರನ್ನೆಲ್ಲ ಕೂರಿಸಿ ಸೇರಿಸತೊಡಗಿದರು. ಸೇರಿಸಿದ ಬಹುಮಾನವನ್ನೂ ಸೇರಿದವರಿಗೇ ಹಂಚುತ್ತೇನೆ ಎಂದು ಹೇಳಿಬಿಟ್ಟರು. ಬುದ್ಧಿ ಇದ್ದವರು ಮಾಡುವ ವ್ಯಾಪಾರ ಅಲ್ಲ ಅದು.

ಶೃಂಗೇರಿಯ ಮೆಸ್ಸಿನ ಅಕ್ಕನೂ ಹಾಗೆ ಬಂದವರು. ಅವರಿಗೆ ದೋಸೆ ಹಿಟ್ಟಿಗೆ ದೊಡ್ಡ ಗ್ರೈಂಡರ್ ಬೇಕಿತ್ತು. ನನ್ನ ಕಡೆ ತಿರುಗಿ ಕೇಳಿದರು: 'ನೀವು ಓದಿದವ್ರು. ಇದು ಸಾಚಾನಾ?'

'ಮೋಸ. ನಾಲ್ಕು ದಿನ ಕುಣಿಸಿ ಬಾಗಿಲು ಹಾಕ್ತಾರೆ.'

'ಮೇಷ್ಟ್ರು ತಮ್ಮ ಮದುವೇನೂ ಮೋಸ ಅಂತ ತಪ್ಪಿಸ್ಕೊಂಡವ್ರು, ಅವರ ಮಾತು ಬಿಡಿ ಅಕ್ಕ' ಎಂದರು ಅಂಗಡಿಯವರು. ಅಲ್ಲಿದ್ದವರೆಲ್ಲ ನಕ್ಕರು.

ಒಂದು ತೊಡಕಿತ್ತು. ಆ ಸಾಮಾನು ತರುವ ಕೊರಿಯರ್ ಕೊಪ್ಪ ದಾಟುತ್ತಿರಲಿಲ್ಲ. ವೆಬ್‌ಸೈಟಿಗೆ ಮನೆ ನಂಬರು, ಬೀದಿ ಬೇಕಿತ್ತು. ನಮ್ಮ ಕಡೆ ಮನೆ ಹುಡುಕುವುದು ನಂಬರಿನಿಂದ ಅಲ್ಲ, ಸೇತುವೆ ದಾಟಿ ಎಡಕ್ಕೆ ತಿರುಗಿ ನಾಯಿ ಬೊಗಳುವ ಮನೆ ಎಂಬ ಗುರುತಿನಿಂದ. ಹಾಗಾಗಿ ಎಲ್ಲರೂ ಅಂಗಡಿಯ ವಿಳಾಸವನ್ನೇ ಕೊಟ್ಟರು. ಅಲ್ಲಿಂದ ಮುಂದಕ್ಕೆ ಕಂಡಕ್ಟರು ಇದ್ದೇ ಇದ್ದ. ಫಾರಂ ತುಂಬುವ ಕ್ರಮವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದರು. ಅದನ್ನು ಬರೆದದ್ದು ಯಾರು ಎಂಬುದು ನನಗೆ ನೆನಪಿಲ್ಲ.

ಗ್ರೈಂಡರ್ ಬಂತು. ಕುಕ್ಕರು, ಫ್ಯಾನು, ಮಿಕ್ಸಿ ಬಂದವು. ಎಲ್ಲವೂ ಬಸ್ಸಿನ ಮೇಲೇರಿ ಊರೂರಿಗೆ ಹೋದವು. ಮೂರು ತಿಂಗಳು ತುಂಬುವ ಹೊತ್ತಿಗೆ ಚೆಕ್ಕಿನ ಬದಲು ಒಂದು ಇಮೇಲ್ ಬಂತು. ಇಂಗ್ಲಿಷಿನಲ್ಲಿದ್ದುದರಿಂದ ನನ್ನಿಂದ ಓದಿಸಿದರು. ಒಂದು ಮನೆಗೆ ಒಂದೇ ಖಾತೆ ಎಂಬುದು ನಿಯಮ. ಒಂದೇ ಕಂಪ್ಯೂಟರಿನಿಂದ, ಒಂದೇ ವಿಳಾಸಕ್ಕೆ, ನಕಲಿ ಹೆಸರುಗಳಲ್ಲಿ ತಮಗೆ ತಾವೇ ಶಿಫಾರಸು ಮಾಡಿಕೊಂಡದ್ದು ಪತ್ತೆಯಾಗಿದೆ. ಎಲ್ಲ ಖಾತೆಗಳನ್ನೂ ಮುಚ್ಚಲಾಗಿದೆ.

'ನಕಲಿ ಅಂದ್ರೆ ಯಾರು ಮೇಷ್ಟ್ರೆ? ಮೆಸ್ಸಿನ ಅಕ್ಕ ನಕಲಿಯಾ?' ಎಂದರು ಅಂಗಡಿಯವರು.

ನಾನು ನಕ್ಕೆ. ಬೇರೆ ಏನು ಮರೆತರೂ ಆ ನಗು ಮರೆತಿಲ್ಲ. ಇವರು ಸಾಚಾನಾ ಎಂದು ನಾವು ಕೇಳುತ್ತ ಕೂತಿದ್ದಾಗ, ಅವರು ನಮ್ಮನ್ನು ಪರೀಕ್ಷಿಸಿ ಕಳ್ಳರೆಂದು ತೀರ್ಮಾನಿಸಿ ಆಗಿತ್ತು.

ಅಂಗಡಿಯವರು ನಗಲಿಲ್ಲ. 'ದುಡ್ಡು ಹೋದ್ರೆ ಹಾಳಾಗ್ಲಿ. ನಾನು ಮಾತು ಕೊಟ್ಟಿದ್ದೇನೆ. ನಾಳಿಂದ ಇವ್ರು ಇಲ್ಲಿ ಕಟ್ಟು ಇಳಿಸ್ತಾರಾ ಅಂತ' ಎಂದರು.

ನಮ್ಮ ಕಡೆಯ ಕೊರಿಯರ್ ಕಥೆ, ಕಂಡಕ್ಟರಿನ ಕಥೆ ಎಲ್ಲವನ್ನೂ ವಿವರಿಸಿ ನಾನು ಉತ್ತರ ಬರೆದೆ. ವಿಶ್ವವಿದ್ಯಾಲಯದಲ್ಲಿ ಕಲಿತ ಇಂಗ್ಲಿಷ್ ಒಂದು ಕೆಲಸಕ್ಕೆ ಬಂದದ್ದು ಅದೊಂದೇ ಸಲ, ಅದೂ ಫಲಿಸಲಿಲ್ಲ. ಪ್ರತಿಯೊಬ್ಬರ ಹೆಸರಿನಲ್ಲಿರುವ ಕರೆಂಟ್ ಬಿಲ್ಲು ಕಳಿಸಿ ಎಂದು ಅವರು ಬರೆದರು. ಮೆಸ್ಸಿನ ಅಕ್ಕನ ಕರೆಂಟ್ ಬಿಲ್ಲು ತೀರಿಕೊಂಡ ಮಾವನ ಹೆಸರಿನಲ್ಲಿತ್ತು. ಉಳಿದವರದ್ದೂ ಹೆಚ್ಚುಕಡಿಮೆ ಹಾಗೆಯೇ. ಬೆಳಕು ಉರಿಯುತ್ತಿದ್ದುದು ಬದುಕಿದ್ದವರಿಗೆ, ಬಿಲ್ಲು ಬರುತ್ತಿದ್ದುದು ಸತ್ತವರಿಗೆ. ಅದನ್ನೂ ಬರೆದೆ. ಆಮೇಲೆ ಉತ್ತರ ಬರಲಿಲ್ಲ.

ಅದೇ ವಾರ ನರಸಿಂಹರಾಜಪುರದ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಅದೇ ವೆಬ್‌ಸೈಟಿನ ಚೆಕ್ಕನ್ನು ಎಲ್ಲರ ಮೂಗಿನ ಮುಂದೆ ಆಡಿಸಿದರು. ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅವರ ಬಾಗಿಲಿಗೆ ನಂಬರಿತ್ತು. ಅವರು ಯಾರನ್ನೂ ಸೇರಿಸಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಒಂದು ಬಾಳೆಹಣ್ಣನ್ನೂ ಬೆನ್ನು ತಿರುಗಿಸಿ ತಿನ್ನುವ ಮನುಷ್ಯ.

'ಸಾಚಾ ಕಂಪನಿ ಕಣ್ರೀ. ನಾವು ನೆಟ್ಟಗಿರ್ಬೇಕು ಅಷ್ಟೆ' ಎಂದರು.

ನನ್ನ 'ಮೋಸ' ಸುಳ್ಳಾಗಿತ್ತು. ಬಾಗಿಲಿಗೆ ನಂಬರಿದ್ದು ಸ್ನೇಹಿತರಿಲ್ಲದವನಿಗೆ ಆ ವೆಬ್‌ಸೈಟು ಪ್ರಾಮಾಣಿಕವಾಗಿತ್ತು. ಇಂಥ ಪ್ರಾಮಾಣಿಕತೆಗಿಂತ ನೇರವಾಗಿ ಜೇಬು ಕತ್ತರಿಸುವವನು ಮೇಲು ಎಂದು ಆಗ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಮುಂದಿನ ವಾರ ಮೆಸ್ಸಿನ ಅಕ್ಕ ಅಂಗಡಿಗೆ ಬಂದಾಗ ನಾನಲ್ಲಿದ್ದೆ. ಅವರು ಅಂಗಡಿಯವರನ್ನು ಏನೂ ಅನ್ನಲಿಲ್ಲ. ನನ್ನನ್ನು ಹಿಡಿದರು.

'ನೀವೇ ಅಲ್ವಾ ಹೇಳಿದ್ದು? ವಿಳಾಸ ಇಲ್ಲಿದ್ದೇ ಬರೀರಿ, ಎಲ್ಲರೂ ಅದನ್ನೇ ಬರೀತಾರೆ ಅಂತ?'

'ನಾನು ಮೋಸ ಅಂದಿದ್ದೆ.'

'ಮೋಸ ಅಂತ್ಲೂ ಅಂದ್ರಿ. ಆಮೇಲೆ ಫಾರಂ ತುಂಬ್ಸಿದ್ದೂ ನೀವೇ. ಗೋಡೆ ಮೇಲಿನ ಹಾಳೆ ಬರ್ದಿದ್ದೂ ನೀವೇ.'

ಗೋಡೆ ನೋಡಿದೆ. ಹಾಳೆ ಇರಲಿಲ್ಲ, ಗೋಂದಿನ ನಾಲ್ಕು ಕಲೆ ಇದ್ದವು. ನನ್ನ ನೆನಪಿನಲ್ಲಿ ನಾನು ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಎಲ್ಲವನ್ನೂ ಹಳಿಯುತ್ತಿದ್ದೇನೆ, ಎದ್ದು ಯಾರಿಗೂ ಏನೂ ತುಂಬಿಸಿಕೊಡುತ್ತಿಲ್ಲ. ಆ ಚಿತ್ರ ತೀರ ಚೊಕ್ಕಟವಾಗಿದೆ. ನನ್ನ ಪರವಾಗಿಯೇ ಇರುವ ನೆನಪನ್ನು ನಂಬಬಾರದು ಎಂದು ಹುಡುಗರಿಗೆ ಕಲಿಸಿದವನು ನಾನು.

'ಬಿಡಿ ಅಕ್ಕ' ಎಂದರು ಅಂಗಡಿಯವರು. 'ವಿಳಾಸ ನಂದು. ಬರ್ದವ್ರು ಯಾರಾದ್ರೆ ಎಂತ.'

ಕಂಡಕ್ಟರುಗಳು ಕಟ್ಟು ಇಳಿಸುವುದನ್ನು ಬಿಡಲಿಲ್ಲ. ಯಾರೂ ಅಂಗಡಿಯವರ ಮೇಲಿನ ನಂಬಿಕೆ ಕಳೆದುಕೊಳ್ಳಲಿಲ್ಲ. ಕಳೆದುಕೊಂಡವರು ಅವರೇ. ತಿಂಗಳೊಳಗೆ ಕಾರ್ಬನ್ ಹಾಕಿದ ರಸೀದಿ ಪುಸ್ತಕ ಅಂಗಡಿಗೆ ಬಂತು. ಹೆಸರು, ವಿಳಾಸ, ಸಹಿ. ಮೆಸ್ಸಿನ ಅಕ್ಕ ಬೀಗದ ಕೈ ಕೊಡಲು ಬಂದಾಗ ಅದನ್ನು ಮುಂದಿಟ್ಟರು.

'ಎಂತ ಇದು? ನನ್ನ ಮೇಲೆ ನಂಬಿಕೆ ಇಲ್ವಾ ನಿಮಗೆ?' ಎಂದರು ಅಕ್ಕ. ಸಹಿ ಹಾಕಿದರು. ಮುಂದಿನ ಸಲದಿಂದ ಬೀಗದ ಕೈಯನ್ನು ಪಕ್ಕದ ಹೂವಿನ ಅಂಗಡಿಯಲ್ಲಿ ಕೊಟ್ಟು ಹೋಗತೊಡಗಿದರು. ಒಬ್ಬೊಬ್ಬರಾಗಿ ಉಳಿದವರೂ ಅಲ್ಲಿಗೇ ಹೋದರು. ಮಳೆಗಾಲ ಬರುವ ಹೊತ್ತಿಗೆ ಆ ಕಪಾಟಿನಲ್ಲಿ ಖಾಲಿ ಜಾಗವೇ ಹೆಚ್ಚಿತ್ತು.

ಒಂದು ದಿನ ನನ್ನ ಬ್ಯಾಗನ್ನು ಅಲ್ಲಿಟ್ಟು ಟೀಗೆ ಹೋಗಬೇಕಿತ್ತು. ಪುಸ್ತಕ ಮುಂದೆ ಬಂತು. ನಾನೇ ಬೇಡಿದ್ದ ಪುಸ್ತಕ. ಹೆಸರು ಬರೆದು ವಿಳಾಸದ ಹತ್ತಿರ ನಿಂತೆ. ಎರಡು ಊರಿನಲ್ಲಿ ಎರಡು ಬಾಡಿಗೆ ಕೋಣೆ, ಎರಡರ ಬಿಲ್ಲೂ ಬೇರೆಯವರ ಹೆಸರಿನಲ್ಲಿ.

'ಇಲ್ಲಿದ್ದೇ ಬರೀರಿ ಮೇಷ್ಟ್ರೆ' ಎಂದರು ಅವರು, ಮುಖದಲ್ಲಿ ಸಿಟ್ಟಿರಲಿಲ್ಲ. 'ಎಲ್ಲರೂ ಅದನ್ನೇ ಬರೀತಾರೆ ಅಂತ ನೀವೇ ಹೇಳಿ ಕೊಟ್ಟದ್ದಲ್ವಾ.'

ಬರೆದೆ. ಅವರು ಚೀಟಿ ಹರಿದು ಕೈಗಿತ್ತರು. 'ಕಳೀಬೇಡಿ. ಇದಿಲ್ದೆ ಬ್ಯಾಗು ಕೊಡ್ಲಿಕ್ಕಾಗಲ್ಲ' ಎಂದರು.